ಹಿಂದಿನ ಟ್ಯಾಂಕಿಗೆ ಹಾಕಿದ ಡೀಸೆಲ್ ಮುಂದಿನ ಟ್ಯಾಂಕಲ್ಲಿ ಉಕ್ಕುತ್ತಿದೆ!

ಪ್ರಶ್ನೆ: ನಮ್ಮದು ಭರಮಸಾಗರದ ಹತ್ತಿರದ ಹಳ್ಳಿ. 2004ರ ಡೀಸೆಲ್ ಪಿಕಪ್ ಇದೆ. ಹಳೇ ಕಾಲದ ಪಂಪ್, ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡೆ. ಮೊದಲಿನ ಮಾಲೀಕರು ಬಾಡಿ ಕೆಳಗೆ ಇನ್ನೊಂದು ಟ್ಯಾಂಕ್ ಹಾಕಿಸಿ, ಯಾವ ಟ್ಯಾಂಕ್ ಬೇಕೋ ಅದಕ್ಕೆ ತಿರುಗಿಸಲು ಸೀಟಿನ ಪಕ್ಕ ಒಂದು ಕಾಕ್ ಇಟ್ಟಿದ್ದಾರೆ. ಮುಂದಿನದು 50 ಲೀಟರ್, ಹಿಂದಿನದು 40. ಮುಂದಿನ ಟ್ಯಾಂಕಲ್ಲಿ ಓಡಿಸಿದರೆ ಈರುಳ್ಳಿ ಲೋಡ್ ಇದ್ದರೂ ಗಾಡಿ ಸಲೀಸಾಗಿ ಎಳೆಯುತ್ತದೆ. ಹಿಂದಿನದಕ್ಕೆ ತಿರುಗಿಸಿದರೆ ಹತ್ತು ಹದಿನೈದು ಕಿ.ಮೀ. ಆದಮೇಲೆ ದಮ್ಮು ಕಟ್ಟಿದ ಹಾಗೆ ಆಗಿ ನಿಂತೇಬಿಡುತ್ತದೆ. ಕಾಲು ಗಂಟೆ ಬಿಟ್ಟು ಕೈಪಂಪ್ ಒತ್ತಿದರೆ ಮತ್ತೆ ಚಾಲೂ. ಇನ್ನೊಂದು ವಿಚಿತ್ರ, ಹಿಂದಿನ ಟ್ಯಾಂಕಲ್ಲಿ ಓಡಿಸುವಾಗ ಮುಂದಿನ ಟ್ಯಾಂಕಿನ ಮುಚ್ಚಳದಿಂದ ಡೀಸೆಲ್ ಉಕ್ಕುತ್ತದೆ. ಗ್ಯಾರೇಜಿನವರು ಪಂಪ್ ಇಳಿಸಿ ರಿಪೇರಿ ಮಾಡಬೇಕು ಅಂತಾರೆ. ಮಾಡಿಸಲಾ?

ಉತ್ತರ: ಬೇಡ. ಸದ್ಯಕ್ಕಂತೂ ಪಂಪ್ ಮುಟ್ಟಿಸಬೇಡಿ.

ಯಾಕೆ ಅಂತ ನೀವೇ ಬರೆದಿದ್ದೀರಿ. ಮುಂದಿನ ಟ್ಯಾಂಕಲ್ಲಿ ಲೋಡ್ ಹಾಕಿದರೂ ಗಾಡಿ ಸಲೀಸಾಗಿ ಎಳೆಯುತ್ತದೆ, ಅಲ್ವಾ? ಗ್ಯಾರೇಜಿನವರು ಇಳಿಸಬೇಕು ಅನ್ನುವ ಮೇನ್ ಪಂಪ್ ಇರುವುದು ಒಂದೇ. ತನಗೆ ಬರುತ್ತಿರುವ ಡೀಸೆಲ್ ಯಾವ ಟ್ಯಾಂಕಿನದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಮುಂದಿನ ಟ್ಯಾಂಕಿನ ಡೀಸೆಲ್ಲಿಗೆ ಚೆನ್ನಾಗಿ ಕೆಲಸ ಮಾಡಿ, ಹಿಂದಿನದಕ್ಕೆ ಮುನಿಸಿಕೊಳ್ಳುವ ಪಂಪನ್ನು ನಾನಂತೂ ನೋಡಿಲ್ಲ. ಟ್ಯಾಂಕಿಂದ ಡೀಸೆಲ್ ಎಳೆಯುವ ಫೀಡ್ ಪಂಪ್, ಫಿಲ್ಟರ್, ಒತ್ತಡ ಕೊಡುವ ಮೇನ್ ಪಂಪ್, ಎಂಜಿನ್ನೊಳಗೆ ಸಿಂಪಡಿಸುವ ನಾಝಲ್ ಎಲ್ಲ ಎರಡು ಟ್ಯಾಂಕಿಗೂ ಒಂದೇ. ಬೇರೆ ಬೇರೆ ಇರುವುದು ಟ್ಯಾಂಕು, ಟ್ಯಾಂಕಿನೊಳಗಿನ ಎಳೆಯುವ ಪೈಪು, ಅದರ ಜಾಲರಿ, ಗಾಳಿ ಪೈಪು, ಅಲ್ಲಿಂದ ಕಾಕ್‌ವರೆಗಿನ ದಾರಿ, ಮತ್ತೆ ಆ ಕಾಕ್‌ನ ಒಂದು ಕಡೆಯ ತೂತು. ರೋಗ ಇಷ್ಟರಲ್ಲೇ ಎಲ್ಲೋ ಇದೆ.

ನಿಮ್ಮ ಗಾಡಿಗೆ ಇರುವುದು ಒಂದು ರೋಗ ಅಲ್ಲ, ಎರಡು. ನಿಂತುಹೋಗುವುದು ಒಂದು, ಉಕ್ಕುವುದು ಇನ್ನೊಂದು. ಒಂದನ್ನು ಸರಿಮಾಡಿದರೆ ಇನ್ನೊಂದು ಹೋಗುತ್ತದೆ ಅಂದುಕೊಳ್ಳಬೇಡಿ.

ಉಕ್ಕುವುದನ್ನು ಮೊದಲು ನೋಡೋಣ, ಅದು ಸುಲಭ. ಟ್ಯಾಂಕಿಂದ ಹೋದ ಡೀಸೆಲ್ ಎಲ್ಲ ಎಂಜಿನ್ನಲ್ಲಿ ಉರಿಯುವುದಿಲ್ಲ. ಫೀಡ್ ಪಂಪ್ ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿ ಎಳೆದು ಕೊಡುತ್ತದೆ. ಮಿಕ್ಕಿದ್ದು ಓವರ್‌ಫ್ಲೋ ವಾಲ್ವಿಂದ ಹೊರಬೀಳುತ್ತದೆ, ನಾಝಲ್‌ಗಳಿಂದ ಜಿನುಗಿದ್ದು ಅದಕ್ಕೆ ಸೇರುತ್ತದೆ, ಎರಡೂ ರಿಟರ್ನ್ ಪೈಪಲ್ಲಿ ಟ್ಯಾಂಕಿಗೆ ವಾಪಸ್ ಬರುತ್ತವೆ. ಇದು ದಂಡ ಅಲ್ಲ. ಪಂಪಿನ ಬಿಸಿಯನ್ನೂ ಸಣ್ಣಪುಟ್ಟ ಗಾಳಿಗುಳ್ಳೆಗಳನ್ನೂ ಹೊತ್ತು ತರುವುದು ಈ ವಾಪಸ್ ಡೀಸೆಲ್ಲೇ.

ನಿಮ್ಮ ಮೊದಲಿನ ಮಾಲೀಕರು ಹಾಕಿಸಿದ್ದು ಮೂರು ತೂತಿನ ಕಾಕ್ ಇರಬೇಕು. ಎರಡು ಟ್ಯಾಂಕಿಂದ ಎರಡು ಪೈಪ್ ಒಳಕ್ಕೆ, ಒಂದು ಎಂಜಿನ್ ಕಡೆಗೆ. ಹೋಗುವ ದಾರಿ ಬದಲಾಯಿಸಲು ಅದು ಸಾಕು. ಬರುವ ದಾರಿಯನ್ನು ಅವರು ಮುಟ್ಟಿಲ್ಲ. ಕಂಪನಿ ಇಟ್ಟ ಹಾಗೆ ಅದು ಮುಂದಿನ ಟ್ಯಾಂಕಿಗೇ ಹೋಗುತ್ತಿದೆ. ಹಾಗಾಗಿ ನೀವು ಹಿಂದಿನ ಟ್ಯಾಂಕಲ್ಲಿ ಓಡಿಸುವಾಗೆಲ್ಲ ಎಂಜಿನ್ನೇ ಹಿಂದಿನದನ್ನು ಮುಂದಿನದಕ್ಕೆ ತುಂಬಿಸುತ್ತಿದೆ. ಮುಂದಿನದು ಮೊದಲೇ ತುಂಬಿದ್ದರೆ ಇನ್ನೆಲ್ಲಿಗೆ ಹೋಗಬೇಕು? ಮುಚ್ಚಳದಿಂದ ಹೊರಗೆ. ಅಮೆರಿಕದಲ್ಲಿ 1980-90ರ ದಶಕದ ಫೋರ್ಡ್ ಪಿಕಪ್‌ಗಳಿಗೆ ಎರಡು ಟ್ಯಾಂಕ್ ಕಂಪನಿಯಿಂದಲೇ ಬರುತ್ತಿತ್ತು. ರಿಟರ್ನ್ ಸರಿಯಾದ ಟ್ಯಾಂಕಿಗೆ ತಿರುಗದೆ ಇನ್ನೊಂದು ಉಕ್ಕುವುದು ಅಲ್ಲೂ ಗೊತ್ತಿದ್ದ ತೊಂದರೆಯೇ.

ಎಷ್ಟು ವಾಪಸ್ ಬರುತ್ತದೆ ಅಂತ ನೋಡಬೇಕಾ? ಮುಂದಿನ ಟ್ಯಾಂಕಿಗೆ ಹೋಗುವ ರಿಟರ್ನ್ ಪೈಪ್ ಬಿಚ್ಚಿ ಒಂದು ಕ್ಯಾನಿಗೆ ಬಿಡಿ. ಎಂಜಿನ್ ಒಂದು ನಿಮಿಷ ಓಡಿಸಿ, ಬಂದದ್ದನ್ನು ಅಳೆಯಿರಿ. ಉದಾಹರಣೆಗೆ 300 ಎಂ.ಎಲ್. ಬಂತು ಅಂತಿಟ್ಟುಕೊಳ್ಳಿ. ಗಂಟೆಗೆ 18 ಲೀಟರ್ ಆಯ್ತು. ನಿಮ್ಮ ಗಾಡಿ ಲೀಟರಿಗೆ 12 ಕಿ.ಮೀ. ಕೊಟ್ಟರೆ, ಗಂಟೆಗೆ 40ರಂತೆ ಹೋದಾಗ ಸುಡುವುದು ಮೂರು ಲೀಟರ್ ಚಿಲ್ಲರೆ. ಅಂದರೆ ಹಿಂದಿನ ಟ್ಯಾಂಕಿಗೆ 10 ಲೀಟರ್ ಹಾಕಿ ಹೊರಟರೆ ಅರ್ಧ ಗಂಟೆಯಲ್ಲಿ ಅದು ಖಾಲಿ! ಸುಟ್ಟಿದ್ದು ಒಂದೂವರೆ ಲೀಟರ್, ಮಿಕ್ಕಿದ್ದೆಲ್ಲ ಮುಂದೆ ಹೋಗಿ ಕೂತಿರುತ್ತದೆ. ಅದಕ್ಕೇ ಮೊದಲ ಪ್ರಶ್ನೆ ಕೇಳುತ್ತೇನೆ. ಗಾಡಿ ನಿಂತಾಗ ಹಿಂದಿನ ಟ್ಯಾಂಕಿಗೆ ಒಂದು ಒಣ ಕಡ್ಡಿ ಇಳಿಸಿ ನೋಡಿದ್ದೀರಾ? ಮೀಟರ್ ನೋಡಿ ಹೇಳಬೇಡಿ. ಈ ತರಹ ಆಮೇಲೆ ಹಾಕಿಸಿದ ಟ್ಯಾಂಕಿಗೆ ಮೀಟರ್ ವೈರ್ ಎಳೆದಿರುವುದೇ ಅಪರೂಪ. ನೀವು ನೋಡುತ್ತಿರುವುದು ಮುಂದಿನ ಟ್ಯಾಂಕಿನ ಮುಳ್ಳೇ ಇರಬಹುದು.

ಕಡ್ಡಿಯಲ್ಲಿ ಡೀಸೆಲ್ ಕಾಣಿಸಿದರೆ ಮುಂದೆ ಓದಿ.

ನಿಲ್ಲುವ ರೋಗಕ್ಕೆ ಒಂದು ಗುಣ ಇದೆ, ಅದನ್ನು ಗಮನಿಸಬೇಕು. ತಿರುಗಿಸಿದ ತಕ್ಷಣ ನಿಲ್ಲುವುದಿಲ್ಲ, ಹತ್ತು ಹದಿನೈದು ಕಿ.ಮೀ. ಓಡುತ್ತದೆ. ಆಮೇಲೆ ಸುಮ್ನೆ ಕಾಲು ಗಂಟೆ ಬಿಟ್ಟರೆ ಮತ್ತೆ ಸರಿ. ಪೈಪಿನ ಜಾಯಿಂಟಲ್ಲಿ ಗಾಳಿ ಎಳೆಯುತ್ತಿದ್ದರೆ ಸಾಮಾನ್ಯವಾಗಿ ಹೀಗೆ ಕಾಯುವುದಿಲ್ಲ. ಮೊದಲಿಂದಲೇ ಎಂಜಿನ್ ತಡವರಿಸುತ್ತದೆ, ವಿಶ್ರಾಂತಿ ಕೊಟ್ಟರೂ ಸುಧಾರಿಸುವುದಿಲ್ಲ. ನಿಧಾನಕ್ಕೆ ಕಟ್ಟಿಕೊಂಡು, ಬಿಟ್ಟರೆ ತಾನೇ ಸಡಿಲವಾಗುವುದು ಹೆಚ್ಚಾಗಿ ಎರಡೇ. ಒಂದು, ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿರುವುದು. ಇನ್ನೊಂದು, ಒಳಗಿನ ಜಾಲರಿಗೆ ಕಸ ಅಂಟುವುದು.

ಗಾಳಿ ದಾರಿಯ ವಿಷಯದಲ್ಲಿ ನಾನೇ ದುಡ್ಡು ಕೊಟ್ಟು ಪಾಠ ಕಲಿತವನು. ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಗ್ಯಾರೇಜಲ್ಲಿ ಆಗ ತಾನೇ ಸ್ವಂತವಾಗಿ ಸ್ಪ್ಯಾನರ್ ಹಿಡಿದಿದ್ದೆ. ಮೆಕ್ಕೆಜೋಳ ಹೊರುವ ಎರಡು ಟ್ಯಾಂಕಿನ ಲಾರಿ ಬಂತು, ಇದೇ ದೂರು. ಬೆಂಗಳೂರಿಗೆ ಹೋಗುವಾಗ ಎರಡನೇ ಟ್ಯಾಂಕಿಗೆ ತಿರುಗಿಸಿದರೆ ಹಿರಿಯೂರು ದಾಟುವುದರೊಳಗೆ ನಿಲ್ಲುತ್ತದೆ. ನಾನು ಶೂರನ ಹಾಗೆ ಪಂಪ್ ಇಳಿಸಿ ಕ್ಯಾಲಿಬ್ರೇಷನ್ನಿಗೆ, ಅಂದರೆ ಅದು ಕೊಡುವ ಡೀಸೆಲ್ ಅಳತೆ ಸರಿಮಾಡಿಸಲು ಕಳಿಸಿದೆ. ಬಂತು, ಕೂರಿಸಿದೆ, ಲಾರಿ ಹೋಯ್ತು, ಮತ್ತೆ ಅಲ್ಲೇ ನಿಂತಿತು. ಡೀಸೆಲ್ ಎಷ್ಟಿದೆ ನೋಡೋಣ ಅಂತ ಡ್ರೈವರ್ ಮುಚ್ಚಳ ತೆಗೆದಿದ್ದಾನೆ, ‘ಸುಯ್’ ಅಂತ ಗಾಳಿ ಒಳಗೆ ನುಗ್ಗಿದೆ. ಲಾರಿ ಚಾಲೂ ಆಯ್ತು. ಬ್ರೀದರ್ ಪೈಪಿನ, ಅಂದರೆ ಟ್ಯಾಂಕಿನ ಗಾಳಿ ಪೈಪಿನ ಬಾಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿತ್ತು, ಅಷ್ಟೇ. ಕ್ಯಾಲಿಬ್ರೇಷನ್ ದುಡ್ಡು ನಾನೇ ಕೈಯಿಂದ ಕೊಟ್ಟೆ. ಡ್ರೈವರ್ ಆಮೇಲೆ ಎಷ್ಟೋ ವರ್ಷ ನನ್ನನ್ನು ‘ಕಡಜದ ಮೇಸ್ತ್ರಿ’ ಅಂತಲೇ ಕರೆಯುತ್ತಿದ್ದ.

ಟ್ಯಾಂಕಿಂದ ಡೀಸೆಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಬರದಿದ್ದರೆ ಒಳಗೆ ಎಳೆತ ಹುಟ್ಟುತ್ತದೆ, ಫೀಡ್ ಪಂಪ್ ಅದರ ವಿರುದ್ಧ ಜಗ್ಗಾಡಿ ಸೋಲುತ್ತದೆ. ನಿಂತು ಕಾದರೆ ಎಲ್ಲಿಂದಲೋ ಚೂರು ಚೂರು ಗಾಳಿ ಸೇರಿ ಮತ್ತೆ ಸರಿಹೋಗುತ್ತದೆ. ಹಾಗಾಗಿ ಮುಂದಿನ ಸಲ ಗಾಡಿ ನಿಂತ ತಕ್ಷಣ, ಬೇರೆ ಏನನ್ನೂ ಮುಟ್ಟದೆ, ಹಿಂದಿನ ಟ್ಯಾಂಕಿನ ಮುಚ್ಚಳ ತಿರುಗಿಸಿ ಕಿವಿ ಕೊಡಿ. ಸದ್ದು ಬಂದರೆ ರೋಗ ಸಿಕ್ಕಿತು. ಕೆಲವು ಮುಚ್ಚಳದಲ್ಲೇ ಗಾಳಿ ತೂತು ಇರುತ್ತದೆ. ಕಳೆದುಹೋದಾಗ ಬೇರೆ ಯಾವುದೋ ಗಾಡಿಯ ತೂತಿಲ್ಲದ ಮುಚ್ಚಳ ತಂದು ಹಾಕಿರುತ್ತಾರೆ. ಅದನ್ನೂ ನೋಡಿ.

ಸದ್ದು ಬರಲಿಲ್ಲ ಅಂದರೆ ಜಾಲರಿ. ಕಾಕ್ ಹತ್ತಿರ ಹಿಂದಿನ ಟ್ಯಾಂಕಿನ ಪೈಪ್ ಬಿಚ್ಚಿ, ಸೈಕಲ್ ಪಂಪಿಂದ ಟ್ಯಾಂಕಿನ ಕಡೆಗೆ ಮೆಲ್ಲಗೆ ಗಾಳಿ ಹೊಡೆಯಿರಿ. ಟ್ಯಾಂಕಿನ ಮುಚ್ಚಳ ತೆಗೆದಿರಲಿ. ಒಳಗೆ ಗುಳುಗುಳು ಸದ್ದು ಕೇಳಬೇಕು. ಮೊದಲು ಬಿಗಿಯಾಗಿದ್ದು ಆಮೇಲೆ ಸಡಿಲವಾಯ್ತು, ಗಾಡಿ ಮತ್ತೆ ಹದಿನೈದು ಕಿ.ಮೀ. ಓಡಿತು ಅಂದರೆ ಜಾಲರಿಗೆ ಕಸ ಹಿಡಿದಿದೆ ಅಂತಲೇ ಅರ್ಥ. ಬಾಯಿಂದ ಮಾತ್ರ ಊದುವುದು, ಹೀರುವುದು ಮಾಡಬೇಡಿ. ಡೀಸೆಲ್ ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ. ನಮ್ಮ ಕಡೆ ಹುಡುಗರಿಗೆ ಇದೊಂದು ಕೆಟ್ಟ ಚಟ.

ಇವೆರಡೂ ಅಲ್ಲದಿದ್ದರೆ ಗಾಳಿ ಎಳೆಯುತ್ತಿದೆಯಾ ನೋಡಬೇಕು. ಇಲ್ಲಿ ಒಂದು ಮಾತು ತಲೆಯಲ್ಲಿರಲಿ. ಟ್ಯಾಂಕಿಂದ ಫೀಡ್ ಪಂಪ್‌ವರೆಗಿನ ಪೈಪಲ್ಲಿ ಡೀಸೆಲ್ ಒತ್ತಡದಲ್ಲಿ ಇರುವುದಿಲ್ಲ, ಎಳೆತದಲ್ಲಿ ಇರುತ್ತದೆ. ಅಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ‘ಎಲ್ಲೂ ಲೀಕ್ ಇಲ್ಲ, ಪೈಪೆಲ್ಲ ಒಣಗಿದೆ’ ಅಂತ ಎಷ್ಟೋ ಜನ ಮೋಸ ಹೋಗುವುದು ಇಲ್ಲೇ. ಗಾರೆ ಕೆಲಸದವರು ಇಟ್ಟುಕೊಳ್ಳುವ, ಒಳಗಿನದು ಕಾಣುವ ಲೆವೆಲ್ ಪೈಪ್ ಗೊತ್ತಲ್ಲ, ಅದರದ್ದು ಒಂದು ಅಡಿ ತುಂಡು ತಂದು ಫೀಡ್ ಪಂಪಿನ ಮುಂಚೆ ಸೇರಿಸಿ. ಎಂಜಿನ್ ಓಡುವಾಗ ಗುಳ್ಳೆಗಳು ಸಾಲಾಗಿ ಹೋಗುವುದು ಕಣ್ಣಿಗೇ ಕಾಣುತ್ತದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆದುಬಿಡಿ. ಡೀಸೆಲ್ಲಿಗೆ ಅದು ಗಟ್ಟಿಯಾಗಿ ಸೀಳುತ್ತದೆ.

ಗುಳ್ಳೆ ಕಂಡರೆ ಕಾಕ್‌ನಲ್ಲಿ ಎರಡೂ ಟ್ಯಾಂಕಿನ ಪೈಪುಗಳನ್ನು ಅದಲು ಬದಲು ಮಾಡಿ. ಹಿಂದಿನದು ಮುಂದಿನದರ ಜಾಗಕ್ಕೆ, ಮುಂದಿನದು ಹಿಂದಿನದರ ಜಾಗಕ್ಕೆ. ಈಗಲೂ ಹಿಂದಿನ ಟ್ಯಾಂಕಲ್ಲೇ ಗುಳ್ಳೆ ಬಂದರೆ ತಪ್ಪು ಟ್ಯಾಂಕು ಅಥವಾ ಅದರ ಪೈಪಿನದು. ಮುಂದಿನ ಟ್ಯಾಂಕಲ್ಲಿ ಗುಳ್ಳೆ ಶುರುವಾದರೆ ಕಾಕ್‌ನದು. ಹತ್ತು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ. ಪಂಪ್ ಇಳಿಸಿ ಅಂದ ಗ್ಯಾರೇಜಿನವರ ಮುಂದೆಯೇ ಮಾಡಿ ತೋರಿಸಿ.

ಹಳೇ ಕಾಕ್ ಸವೆದಿದ್ದರೆ ಇನ್ನೊಂದು ಕಿತಾಪತಿಯನ್ನೂ ಮಾಡುತ್ತದೆ. ಗಾಡಿ ನಿಂತಿರುವಾಗ ಎತ್ತರದ ಟ್ಯಾಂಕಿನ ಡೀಸೆಲ್ ಅದರೊಳಗಿಂದ ತಗ್ಗಿನ ಟ್ಯಾಂಕಿಗೆ ಇಳಿಯುತ್ತದೆ. ರಾತ್ರಿ ಮಲಗುವ ಮುಂಚೆ ಎರಡೂ ಟ್ಯಾಂಕನ್ನು ಕಡ್ಡಿಯಲ್ಲಿ ಅಳೆದು ಗುರುತು ಹಾಕಿ, ಬೆಳಗ್ಗೆ ಮತ್ತೆ ನೋಡಿ. ಗೊತ್ತಾಗುತ್ತದೆ.

ಅರ್ಧ ಟ್ಯಾಂಕ್ ಇರುವಾಗಲೇ, ಪ್ರತಿ ಸಲ ಅದೇ ಮಟ್ಟಕ್ಕೆ ಬಂದಾಗ ನಿಲ್ಲುತ್ತದೆ ಅನ್ನುವ ಹಾಗಿದ್ದರೆ ಒಳಗಿನ ಎಳೆಯುವ ಪೈಪ್ ನಡುವೆ ಸೀಳಿದೆ. ಡೀಸೆಲ್ ಆ ಸೀಳಿನ ಮೇಲಿದ್ದರೆ ಸರಿ, ಕೆಳಗಿಳಿದರೆ ಗಾಳಿ. ಹೊರಗಿನಿಂದ ಎಷ್ಟು ನೋಡಿದರೂ ಕಾಣುವುದಿಲ್ಲ, ಪೈಪನ್ನು ಎಳೆದು ತೆಗೆದೇ ನೋಡಬೇಕು.

ಏನೇ ಸಿಕ್ಕರೂ, 20 ವರ್ಷದ ಗಾಡಿಯಲ್ಲಿ ಆ ಟ್ಯಾಂಕನ್ನು ಒಂದು ಸಲ ಇಳಿಸಿ ತೊಳೆಯಿರಿ. ಅರ್ಧ ಖಾಲಿ ಇರುವ ಟ್ಯಾಂಕಲ್ಲಿ ರಾತ್ರಿಯ ತಂಪಿಗೆ ಒಳಗಿನ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳ ಸೇರುತ್ತದೆ. ತಗಡು ತುಕ್ಕು ಹಿಡಿಯುತ್ತದೆ. ನೀರು ಡೀಸೆಲ್ ಸೇರುವ ಜಾಗದಲ್ಲಿ ಸೂಕ್ಷ್ಮ ಜೀವಿ ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಜಾಲರಿಗೆ ಅಂಟುವುದು ಇದೇ. ಒಂದು ಹಿಡಿ ಸಣ್ಣ ಜಲ್ಲಿಯನ್ನೋ ಹಳೇ ಸೈಕಲ್ ಚೈನನ್ನೋ ಸ್ವಲ್ಪ ಡೀಸೆಲ್ ಜೊತೆ ಒಳಗೆ ಹಾಕಿ ಚೆನ್ನಾಗಿ ಅಲ್ಲಾಡಿಸಿ, ಬಸಿಯಿರಿ. ಹೊರಗೆ ಬರುವುದು ತಿಳಿಯಾಗುವ ತನಕ ಮಾಡಿ. ಹಾಕಿದ ಚೈನ್ ವಾಪಸ್ ತೆಗೆಯುವುದನ್ನು ಮರೆಯಬೇಡಿ, ಮರೆತವರನ್ನು ನೋಡಿದ್ದೇನೆ. ಎಳೆಯುವ ಪೈಪಿನ ತುದಿ ತಳದಿಂದ ಸುಮಾರು ಒಂದು ಇಂಚು ಮೇಲಿರಲಿ. ಊರಲ್ಲಿ ಮಾಡಿಸಿದ ಟ್ಯಾಂಕುಗಳಲ್ಲಿ ಕೊನೇ ಹನಿಯೂ ಸಿಗಲಿ ಅಂತ ತಳಕ್ಕೆ ತಾಗಿಸಿ ಇಟ್ಟಿರುತ್ತಾರೆ. ಸಿಗುವುದು ಕೊನೇ ಹನಿ ಅಲ್ಲ, ಮೊದಲ ಕೆಸರು.

ಟ್ಯಾಂಕ್ ತೂತಾಗಿದ್ದರೆ ದಯವಿಟ್ಟು ಸುಮ್ನೆ ವೆಲ್ಡಿಂಗ್ ಅಂಗಡಿಗೆ ಹೊತ್ತೊಯ್ಯಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಜಾಸ್ತಿ ಅಪಾಯ, ಯಾಕೆಂದರೆ ಒಳಗೆ ಇರುವುದು ಆವಿ ಮತ್ತು ಗಾಳಿ. ಬೆಂಕಿ ತಾಗಿದರೆ ಬಾಂಬೇ. ಬಿಸಿನೀರಲ್ಲಿ ನಾಲ್ಕಾರು ಸಲ ತೊಳೆದು, ಬೆಸುಗೆ ಹಾಕುವ ಜಾಗದ ಹತ್ತಿರದವರೆಗೂ ನೀರು ತುಂಬಿಸಿಟ್ಟು ಕೆಲಸ ಮಾಡುವವರು ಇದ್ದಾರೆ. ಟ್ಯಾಂಕ್ ಕೆಲಸವನ್ನೇ ದಿನಾ ಮಾಡುವವರ ಕೈಗೆ ಮಾತ್ರ ಕೊಡಿ. ಹೊಸ ಪೈಪ್ ಎಳೆಸುವಾಗ ಜಿಐ ಪೈಪ್, ಜಿಐ ನಿಪ್ಪಲ್ ಬೇಡ. ಆ ಸತುವಿನ ಲೇಪಕ್ಕೂ ಡೀಸೆಲ್ಲಿಗೂ ಆಗಿಬರುವುದಿಲ್ಲ, ಬಿಟ್ಟುಕೊಂಡ ಸತು ಕೊನೆಗೆ ಫಿಲ್ಟರ್, ನಾಝಲ್‌ವರೆಗೂ ಹೋಗುತ್ತದೆ. ಪೈಪ್ ಜೋಡಿಸುವ ತೂತಿನ ಬೋಲ್ಟ್, ಅಂದರೆ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಹಳೇದನ್ನೇ ಹಾಕಬೇಡಿ. ಒಮ್ಮೆ ಒತ್ತಿದ ಮೇಲೆ ತಾಮ್ರ ಗಡುಸಾಗುತ್ತದೆ. ಹೊಸದು ಸಿಗದಿದ್ದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮತ್ತೆ ಮೆತ್ತಗಾಗುತ್ತದೆ.

ಕೆಲಸ ಮುಗಿದ ಮೇಲೆ ಗಾಳಿ ತೆಗೆಯುವುದು ನಿಮಗೆ ಗೊತ್ತೇ ಇರಬೇಕು. ಫಿಲ್ಟರ್ ಮೇಲಿನ ಬೋಲ್ಟ್ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಕೈಪಂಪ್ ಒತ್ತಿ, ಡೀಸೆಲ್ ಹರಿಯುತ್ತಿರುವಾಗಲೇ ಬಿಗಿ ಮಾಡಿ. ಆಮೇಲೆ ಮೇನ್ ಪಂಪಿನ ಬೋಲ್ಟಲ್ಲೂ ಹಾಗೇ. ಸೆಲ್ಫ್ ಹತ್ತು ಹದಿನೈದು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ, ನಡುವೆ ಬಿಡುವು ಕೊಡಿ. ನಾಝಲ್ ಬಾಯಿಗೆ ಬೆರಳು ಅಡ್ಡ ಹಿಡಿಯಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ, ಮೇಲೆ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಕೊಳೆಯುತ್ತದೆ. ಈಗಿನ ಕಂಪ್ಯೂಟರ್ ಇರುವ ಕಾಮನ್ ರೈಲ್ ಡೀಸೆಲ್ ಗಾಡಿಗಳಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಅವುಗಳ ಪೈಪನ್ನು ಹೀಗೆ ಸಡಿಲಿಸುವ ಯೋಚನೆಯೂ ಬೇಡ.

ಈಗ ಉಕ್ಕುವುದಕ್ಕೆ ಪರಿಹಾರ. ಹೋಗುವ ದಾರಿ, ಬರುವ ದಾರಿ ಎರಡನ್ನೂ ಒಂದೇ ಹಿಡಿಯಲ್ಲಿ ತಿರುಗಿಸುವ ಆರು ತೂತಿನ ಕಾಕ್ ಹಾಕಿಸಬಹುದು. ಕ್ರಮ ಅಂದರೆ ಅದೇ ಕ್ರಮ. ಆದರೆ ಹಿಂದಿನ ಟ್ಯಾಂಕಿಗೆ ಇನ್ನೊಂದು ರಿಟರ್ನ್ ಪೈಪ್ ಎಳೆಯಬೇಕು, ಮೀಟರಿಗೂ ಟ್ಯಾಂಕ್ ಬದಲಾಯಿಸುವ ಸ್ವಿಚ್ ಬೇಕು. ಎರಡು ಬೇರೆ ಬೇರೆ ಕಾಕ್ ಇಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಒಂದು ತಿರುಗಿಸಿ ಇನ್ನೊಂದು ಮರೆಯುವುದು ಗ್ಯಾರಂಟಿ. ನನಗೆ ಇಷ್ಟವಾದ ದಾರಿ ಬೇರೆ. ಎಂಜಿನ್ ಮುಂದಿನ ಟ್ಯಾಂಕಿಂದಲೇ ಕುಡಿಯಲಿ, ಅದಕ್ಕೇ ವಾಪಸ್ ಬಿಡಲಿ. ಹಿಂದಿನದು ಬರೀ ಸಂಗ್ರಹ. ಮುಂದಿನದು ಇಳಿದಾಗ ಡೀಸೆಲ್ಲಿಗೆ ಅಂತಲೇ ಬರುವ 12 ವೋಲ್ಟಿನ ಸಣ್ಣ ಪಂಪಿಂದ ಹಿಂದಿನಿಂದ ಮುಂದಕ್ಕೆ ತುಂಬಿಸಿಕೊಳ್ಳಿ. ಕಾಕ್ ಇಲ್ಲ, ತಲೆನೋವಿಲ್ಲ. ಒತ್ತಿ ಹಿಡಿದಿದ್ದರೆ ಮಾತ್ರ ಓಡುವ ಸ್ವಿಚ್ ಹಾಕಿಸಿ, ಇಲ್ಲದಿದ್ದರೆ ಆನ್ ಮಾಡಿ ಟೀ ಕುಡಿಯಲು ಹೋಗಿ ಮತ್ತೆ ಉಕ್ಕಿಸುತ್ತೀರಿ.

ಇಷ್ಟೆಲ್ಲ ಹೇಳಿ ಒಂದು ಮಾತು ಕೇಳುತ್ತೇನೆ. ನಿಮಗೆ ಎರಡನೇ ಟ್ಯಾಂಕ್ ಬೇಕಾ? 50 ಲೀಟರಿಗೆ, 12ರ ಲೆಕ್ಕದಲ್ಲಿ 600 ಕಿ.ಮೀ. ಆಯ್ತು. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ವಾಪಸ್ ಬಂದರೂ ಮಿಗುತ್ತದೆ. ಭರಮಸಾಗರದ ಕಡೆಯವರಾದ ನೀವು ಓಡಾಡುವುದು ಹೆಚ್ಚಾಗಿ ದಾವಣಗೆರೆ–ಚಿತ್ರದುರ್ಗ ಇರಬೇಕು, ಇಡೀ ದಾರಿ ಸುಮಾರು 60 ಕಿ.ಮೀ. ಮೊದಲಿನವರು ದೂರದ ಬಾಡಿಗೆ ಹೊಡೆಯುತ್ತಿದ್ದರೇನೋ, ಡೀಸೆಲ್ ಅಗ್ಗ ಇರುವ ಕಡೆ ತುಂಬಿಸಿಕೊಳ್ಳುತ್ತಿದ್ದರೇನೋ. ನಿಮಗೆ ಅದು 40 ಲೀಟರ್ ಭಾರ ಅಷ್ಟೇ. ಅದರ ಬದಲು ಇನ್ನೊಂದು ಚೀಲ ಈರುಳ್ಳಿಯಾದರೂ ಹಾಕಬಹುದು.

ಕಾಗದದ ವಿಷಯವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ವರ್ಷ ವರ್ಷ ಮಾಡಿಸಬೇಕು, ಅಲ್ಲಿ ಪ್ರಶ್ನೆ ಏಳಬಹುದು. ಬೆಂಕಿ ಅನಾಹುತ ಏನಾದರೂ ಆದರೆ ಇನ್ಶೂರೆನ್ಸಿನವರು ಮೊದಲು ಬೊಟ್ಟು ಮಾಡುವುದೂ ಆ ಟ್ಯಾಂಕಿನ ಕಡೆಗೇ. ಇಟ್ಟುಕೊಳ್ಳಲೇಬೇಕು ಅಂದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ನಾನಾದರೆ ಬಿಚ್ಚಿಸುತ್ತೇನೆ. ಬಿಚ್ಚಿಸಿದರೆ ಕಾಕ್ ಕೂಡ ತೆಗೆಸಿ, ಟ್ಯಾಂಕಿಂದ ಫೀಡ್ ಪಂಪಿಗೆ ಕಂಪನಿ ಇಟ್ಟಂತೆ ನೇರ ಪೈಪ್ ಹಾಕಿಸಿ. ಸುಮ್ನೆ ಒಂದು ತೂತಿಗೆ ಬಿರಡೆ ಜಡಿದು ಬಿಟ್ಟರೆ ನಾಳೆ ಗಾಳಿ ಎಳೆಯುವುದು ಅಲ್ಲೇ.

ಪಂಪಿನ ಮೇಲೆ ಅನುಮಾನ ಪಡುವುದು ಯಾವಾಗ ಅಂದರೆ, ಮುಂದಿನ ಟ್ಯಾಂಕಲ್ಲೂ ಲೋಡಿಗೆ ಸೋಲಲು ಶುರುವಾದಾಗ. ಆಗಲೂ ಮೊದಲು ಫಿಲ್ಟರ್ ಬದಲಾಯಿಸಿ, ಫೀಡ್ ಪಂಪ್ ನೋಡಿ, ಆಮೇಲೆ ಮೇನ್ ಪಂಪ್.

ರಿಪೇರಿ ಆಗುವ ತನಕ ಹಿಂದಿನ ಟ್ಯಾಂಕಲ್ಲಿ ಓಡಿಸುವುದಿದ್ದರೆ, ಹಿಂದಿನದರಲ್ಲಿ ಇರುವಷ್ಟು ಡೀಸೆಲ್ ಹಿಡಿಸುವ ಜಾಗ ಮುಂದಿನದರಲ್ಲಿ ಖಾಲಿ ಇರುವ ಹಾಗೆ ನೋಡಿಕೊಳ್ಳಿ. ಉಕ್ಕಿದ ಡೀಸೆಲ್ ರಸ್ತೆಗೆ ಬೀಳುತ್ತದೆ, ನಿಮ್ಮ ಹಿಂದೆ ಬೈಕಲ್ಲಿ ಬರುವವರು ಜಾರುತ್ತಾರೆ.